ಫ್ರೆಂಚ್ ಹಳ್ಳಿಯ ಬಾಣಂತನ

ಹೆರಿಗೆಯಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ನರ್ಸ್ ನನ್ನ ಕೈಗೆ ಒಂದು ದೊಡ್ಡ ಲೋಟ ಕೊಟ್ಟಳು. ಅದರ ತುಂಬ ಐಸು, ಐಸಿನ ಸಂದಿಯಲ್ಲಿ ಒಂದಿಷ್ಟು ನೀರು. ಅಮ್ಮ ನೋಡಿದ್ದರೆ ಲೋಟವನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದಳು, ಜೊತೆಗೆ ನರ್ಸನ್ನೂ ತಳ್ಳಿದ್ದರೆ ಆಶ್ಚರ್ಯವಿಲ್ಲ. ಆದರೆ ಅಮ್ಮ ಮೈಸೂರಿನಲ್ಲಿದ್ದಳು. ಅವಳಿಗೆ ಅಮೆರಿಕದ ವೀಸಾ ಸಿಕ್ಕಿರಲಿಲ್ಲ.

ಅದು ತೊಂಬತ್ತರ ದಶಕದ ನಡುಭಾಗ. ನನ್ನ ಗಂಡನ ಆಫೀಸು ರೆಸ್ಟನ್ನಿನಲ್ಲಿ, ನಮ್ಮ ಬಾಡಿಗೆ ಟೌನ್‌ಹೌಸು ಸ್ಟರ್ಲಿಂಗಿನಲ್ಲಿ. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ಹೊಟ್ಟೆ ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಬಸುರಿನ ಕೊನೆಯ ತಿಂಗಳಲ್ಲಿ ಅವನ್ನು ನೋಡುತ್ತ ನಿಂತು, ಇದರಲ್ಲೂ ಅಮ್ಮ ಇಲ್ಲ ಎಂದುಕೊಂಡು ಅಳುತ್ತಿದ್ದೆ. ಗಂಡ ಸಮಾಧಾನ ಮಾಡಲು ಬಂದರೆ ಅವನ ಮೇಲೆ ರೇಗುತ್ತಿದ್ದೆ. ಬಾಣಂತನಕ್ಕೆ ಅಮ್ಮ ಬೇಕು ಎನ್ನುವುದು ನನಗೆ ಬರೀ ಆಸೆಯಾಗಿರಲಿಲ್ಲ, ಹಠವಾಗಿತ್ತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುದಿಯುವ ನೀರಿನ ಸ್ನಾನ, ಏಳಬೇಡ ಎಂದು ಬೈಯುವ ಒಬ್ಬಳು ಹೆಂಗಸು. ಇದಿಷ್ಟೂ ಇಲ್ಲದೆ ಹೋದರೆ ನಾನು ಮಗುವನ್ನು ಹೆತ್ತದ್ದೇ ಸುಳ್ಳು ಎನ್ನಿಸುತ್ತಿತ್ತು.

ಬಾಣಂತನ ಮಾಡುವ ಕೆಲಸ ಕೊನೆಗೆ ಗಂಡನ ಪಾಲಿಗೆ ಬಂತು. ರಜೆ ಹಾಕಿ, ಫೋನ್ ಕಾರ್ಡುಗಳ ಕಟ್ಟು ಇಟ್ಟುಕೊಂಡು, ಅಮ್ಮ ಹೇಳಿದ್ದನ್ನೆಲ್ಲ ಪಾಪ ಚಾಚೂ ತಪ್ಪದೆ ಮಾಡಿದ. ಐದನೆಯ ದಿನ ಅಮ್ಮ ಹೇಳಿದ್ದು ಸಾಂಬ್ರಾಣಿ. ತಲೆಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿಕೊಂಡು ಒಣಗಿಸಬೇಕು. ಅವನು ಬಾರ್ಬೆಕ್ಯೂ ಇದ್ದಿಲನ್ನು ಒಲೆಯ ಮೇಲೆ ಕೆಂಪಗೆ ಮಾಡಿ, ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಹಾಲಿಗೆ ತಂದ. ಬಿದಿರು ಬುಟ್ಟಿ ಎಲ್ಲಿಂದ ಬರಬೇಕು? ಬಟ್ಟೆ ಒಗೆಯಲು ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನೇ ಬೋರಲು ಹಾಕಿದ. ಸಾಫ್ಟ್‌ವೇರ್ ಎಂಜಿನಿಯರ್.

ಬುಟ್ಟಿ ಕರಗಲು ಶುರುವಾಯಿತು. ಸಾಂಬ್ರಾಣಿಯ ಹೊಗೆಗೆ ಪ್ಲಾಸ್ಟಿಕ್ಕಿನ ಹೊಗೆ ಸೇರಿ, ಮನೆಯಲ್ಲಿದ್ದ ಸ್ಮೋಕ್ ಅಲಾರಂಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಮಗುವೂ ಕಿರುಚಿತು. ಗಂಡ ನ್ಯೂಸ್‌ಪೇಪರ್ ಹಿಡಿದು ಚಾವಣಿಗೆ ಗಾಳಿ ಬೀಸುತ್ತಿದ್ದಾಗ ಪಕ್ಕದ ಮನೆಯ ಮುದುಕಿ ತೆರೆದ ಬಾಗಿಲಿನಿಂದ ನೇರ ಒಳಗೆ ಬಂದರು. ಅಲ್ಲಿಯವರೆಗೆ ಅವರದೂ ನಮ್ಮದೂ ಹಲೋ ಅನ್ನುವಷ್ಟೇ ಪರಿಚಯ. ಎಪ್ಪತ್ತರ ಹತ್ತಿರದ ವಯಸ್ಸು, ಒಂಟಿ, ಫ್ರಾನ್ಸಿನವರು ಎಂದು ಮಾತ್ರ ಗೊತ್ತಿತ್ತು. ಅವರು ಯಾರನ್ನೂ ಏನೂ ಕೇಳದೆ ಕೆಂಡದ ತಟ್ಟೆಯನ್ನು ಟವೆಲಿನಲ್ಲಿ ಹಿಡಿದು ಹೊರಗಿಟ್ಟು, ಕಿಟಕಿಗಳನ್ನು ತೆಗೆದು, ಆಮೇಲೆ ನನ್ನ ಕಡೆ ತಿರುಗಿದರು. ಕಿವಿಯಲ್ಲಿ ಹತ್ತಿ, ಒದ್ದೆ ತಲೆಗೆ ಮತ್ತೆ ಸುತ್ತಿಕೊಂಡ ಗಂಡನ ಮಫ್ಲರ್. ಅಮೆರಿಕದಲ್ಲಿ ಆ ವೇಷ ನೋಡಿದವರೆಲ್ಲ ಏನಾಯಿತು ಎಂದು ಕೇಳಿದ್ದರು. ಅವರು ಹಾಗೆ ಕೇಳಲಿಲ್ಲ. ಮಗು ಹುಟ್ಟಿ ಎಷ್ಟು ದಿನವಾಯಿತು ಎಂದರು. ಐದು ಎಂದೆ.

“ಹಾಗಾದರೆ ನೀನು ಮಂಚ ಬಿಟ್ಟು ಇಳಿದದ್ದೇ ತಪ್ಪು,” ಎಂದರು. “ನಮ್ಮ ಊರಿನಲ್ಲಾಗಿದ್ದರೆ ನಿನ್ನ ಕಾಲು ಕಟ್ಟಿಹಾಕುತ್ತಿದ್ದರು.”

ಅಷ್ಟು ಸಂತೋಷ ನನಗೆ ಇಡೀ ವಾರದಲ್ಲಿ ಆಗಿರಲಿಲ್ಲ. ಏಳಬೇಡ ಎಂದು ಬೈಯುವ ಹೆಂಗಸು ಸಿಕ್ಕಿದ್ದಳು. ನಾನು ಗಳಗಳ ಅತ್ತುಬಿಟ್ಟೆ.

ಮಾರನೆಯ ದಿನದಿಂದ ಅವರು ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಬರತೊಡಗಿದರು. ಮೊದಲು ತಂದದ್ದು ಕೋಳಿ ಸೂಪು. ಬಾಣಂತಿಗೆ ಮುದಿ ಕೋಳಿಯ ಸೂಪು ಕುಡಿಸದಿದ್ದರೆ ಹಾಲು ಬರುವುದಿಲ್ಲ ಎಂದು ಅವರ ಊರಿನವರ ನಂಬಿಕೆ. ನಾವು ತಿನ್ನುವುದಿಲ್ಲ ಎಂದಾಗ ಇವಳು ಉಳಿಯುವವಳಲ್ಲ ಎನ್ನುವ ಹಾಗೆ ನೋಡಿದರು. ಕೋಳಿ ಗಂಡನ ಹೊಟ್ಟೆ ಸೇರಿತು, ಅವನು ಆಫೀಸಿನ ಊಟದಲ್ಲಿ ಅದನ್ನೆಲ್ಲ ಕಲಿತಿದ್ದ. ನನಗೆ ಬಾರ್ಲಿ, ಬೆಣ್ಣೆ, ಈರುಳ್ಳಿ ಹಾಕಿದ ಗಂಜಿಯಂಥದು ಬಂತು. ಅದಕ್ಕೆ ಮೆಣಸು, ಬೆಳ್ಳುಳ್ಳಿ ಹಾಕಬಹುದೇ ಎಂದು ಫೋನಿನಲ್ಲಿ ಅಮ್ಮ ಕೇಳಿದಳು. ಹಾಕಬಹುದು ಎಂದು ಇವರು ಒಪ್ಪಿದರು. ಹೀಗೆ ನನ್ನ ಬಾಣಂತನವನ್ನು ಇಬ್ಬರು ಹೆಂಗಸರು ನನ್ನ ಮೂಲಕ ಮಾತಾಡಿಕೊಂಡು ನಡೆಸಿದರು. ತಣ್ಣೀರು ಮುಟ್ಟಬಾರದು ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಎಣ್ಣೆ ಮಾತ್ರ ಅವರಿಗೆ ಹೊಸದು. ಆದರೂ ಕಲಿತರು. ಟಬ್ಬಿನಲ್ಲಿ ನನ್ನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಸಾಸ್‌ಪ್ಯಾನಿನಿಂದ ಬಿಸಿನೀರು ಮೊಗೆದು ಸೊಂಟಕ್ಕೆ ಹುಯ್ಯುತ್ತಿದ್ದರು. ಆ ಕೈಗಳಿಗೆ ಬಲವಿತ್ತು.

ನೀರು ಹುಯ್ಯುತ್ತ, ಮಗುವಿನ ಬಟ್ಟೆ ಮಡಚುತ್ತ, ಅವರು ತಮ್ಮ ಊರಿನ ಕತೆ ಹೇಳುತ್ತಿದ್ದರು. ಫ್ರಾನ್ಸಿನ ಪೂರ್ವಕ್ಕೆ, ಜರ್ಮನಿಯ ಗಡಿಯ ಕಡೆ ಅವರ ಹಳ್ಳಿ. ಒಂದೇ ಬೀದಿ. ಮೇಲುತುದಿಯಲ್ಲಿ ಚರ್ಚು, ಕೆಳತುದಿಯಲ್ಲಿ ತೊರೆ. ಬೀದಿಯ ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದೇ ಸೂರಿನಡಿ ಜನ, ದನ, ಹುಲ್ಲು. ಮನೆಗಳ ಮುಂದೆ ಅಗಲವಾದ ಜಾಗ, ಅಲ್ಲಿ ಸೌದೆ ಮತ್ತು ತಿಪ್ಪೆ. ಹೌದು, ಮನೆಯ ಬಾಗಿಲಲ್ಲೇ ತಿಪ್ಪೆ. ಹೆಣ್ಣು ಕೊಡುವವರು ಬಂದರೆ ಮೊದಲು ನೋಡುತ್ತಿದ್ದದ್ದು ಹುಡುಗನ ಮುಖವನ್ನಲ್ಲ, ತಿಪ್ಪೆಯ ಎತ್ತರವನ್ನು. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಮಗಳು ಸುಖವಾಗಿರುತ್ತಾಳೆ. ನಾನು ನಕ್ಕು, ನಮ್ಮ ಕಡೆ ಗ್ರೀನ್ ಕಾರ್ಡ್ ನೋಡುತ್ತಾರೆ ಎಂದೆ.

ಅವರ ಅಜ್ಜಿ ಹುಟ್ಟಿದಾಗ ಆ ಊರು ಫ್ರಾನ್ಸಿನದು. ಅಜ್ಜಿ ಸ್ಲೇಟು ಹಿಡಿಯುವ ಹೊತ್ತಿಗೆ ಜರ್ಮನಿಯದಾಯಿತು. ಒಂದು ಯುದ್ಧ ಮುಗಿದು ಮತ್ತೆ ಫ್ರಾನ್ಸು, ಇನ್ನೊಂದು ಯುದ್ಧ ಶುರುವಾಗಿ ಮತ್ತೆ ಜರ್ಮನಿ, ಕೊನೆಗೆ ಮತ್ತೆ ಫ್ರಾನ್ಸು. ಅಜ್ಜಿ ಮನೆಯನ್ನು ಬಿಟ್ಟು ಕದಲಲಿಲ್ಲ, ದೇಶಗಳೇ ಬಂದು ಹೋದವು. ಚರ್ಚಿನ ಗಂಟೆಯನ್ನು ಕರಗಿಸಿ ತೋಪು ಮಾಡಲು ಒಯ್ದಿದ್ದರಂತೆ. ಆ ವರ್ಷಗಳಲ್ಲಿ ಹೊಲದಲ್ಲಿದ್ದವರಿಗೆ ಮಧ್ಯಾಹ್ನವಾದದ್ದು ತಿಳಿಯದೆ ಹೆಂಗಸರು ಬಾಗಿಲಲ್ಲಿ ನಿಂತು ಕೂಗಿ ಊಟಕ್ಕೆ ಕರೆಯುತ್ತಿದ್ದರು. ವೀಸಾದ ಚೀಟಿಗಾಗಿ ದಿನವೂ ಎದೆ ಹಿಡಿದುಕೊಂಡು ಬದುಕುತ್ತಿದ್ದ ನನಗೆ ಆ ಅಜ್ಜಿಯ ಕತೆ ಎಷ್ಟು ಸಲ ಕೇಳಿದರೂ ಸಾಕಾಗುತ್ತಿರಲಿಲ್ಲ.

ತೊರೆಯ ದಡದಲ್ಲಿ ಬಟ್ಟೆ ಒಗೆಯುವ ಕಟ್ಟೆ, ಅದಕ್ಕೊಂದು ಹೆಂಚಿನ ಮಾಡು. ಹೆಂಗಸರು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಮೊಣಕಾಲೂರಿ ಕೂತು ಒಗೆಯುತ್ತಿದ್ದರು. ಊರಿನ ಸುದ್ದಿಯೆಲ್ಲ ಅಲ್ಲಿಯೇ ಒಗೆಸಿಕೊಳ್ಳುತ್ತಿತ್ತು. ಬಾಣಂತಿ ಅಲ್ಲಿಗೆ ಹೋಗುವ ಹಾಗಿಲ್ಲ. ಚರ್ಚಿಗೆ ಹೋಗಿ ಪಾದ್ರಿಯಿಂದ ಆಶೀರ್ವಾದ ಪಡೆಯುವವರೆಗೆ ಬೇರೆ ಮನೆಯ ಹೊಸಿಲನ್ನೂ ದಾಟುವ ಹಾಗಿಲ್ಲ. ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ. ಹುಟ್ಟಿದವರನ್ನು ತೊಳೆಯುವವಳೂ ಅವಳೇ, ಸತ್ತವರನ್ನು ತೊಳೆಯುವವಳೂ ಅವಳೇ. ಅವಳು ಬಿಸಿನೀರು ಕೇಳಿದರೆ ಯಾವುದಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲವಂತೆ.

ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಒಂದು ದಿನ ನನ್ನ ತಲೆಗೆ ಬಟ್ಟೆ ಕಟ್ಟುತ್ತಿದ್ದಾಗ, ನಿಮಗೆ ಈ ಬಟ್ಟೆ ಯಾರು ಕಟ್ಟಿದರು ಆಂಟಿ, ಆ ಸೂಲಗಿತ್ತಿಯಾ, ನಿಮ್ಮಮ್ಮನಾ ಎಂದು ಸುಮ್ಮನೆ ಕೇಳಿದೆ.

“ಯಾರೂ ಕಟ್ಟಲಿಲ್ಲ,” ಎಂದರು.

ಯುದ್ಧದ ಕೊನೆಯ ಚಳಿಗಾಲದಲ್ಲಿ ಅವರ ಊರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ, ಅವನ ಊರಾದ ನಾರ್ತ್ ಕ್ಯಾರೊಲೈನಾಕ್ಕೆ ಬಂದವರು ಅವರು. ಮೊದಲ ಮಗ ಅಲ್ಲಿ ಹುಟ್ಟಿದ. ಅತ್ತೆ ಒಳ್ಳೆಯವಳೇ. ಎರಡನೆಯ ದಿನ ಐಸ್ ಹಾಕಿದ ಚಹಾ ತಂದುಕೊಟ್ಟು, ಒಂದಿಷ್ಟು ಬಟ್ಟೆ ಒಗೆದರೆ ಮೈ ಹಗುರಾಗುತ್ತದೆ ಎಂದಳಂತೆ. ಇವರು ಒಗೆದರು. ಅಲ್ಲಿ ಊರಿನಲ್ಲಿ ಅವರ ತಾಯಿ, ಮಗಳ ಬಾಣಂತನಕ್ಕೆಂದು ಎರಡು ಕೋಳಿಗಳನ್ನು ಬೇರೆಯಾಗಿ ಕಟ್ಟಿ ಮೇಯಿಸಿದ್ದಳು ಎಂದು ಎಷ್ಟೋ ವರ್ಷದ ಮೇಲೆ ತಂಗಿ ಹೇಳಿ ಗೊತ್ತಾಯಿತು. ಸಮುದ್ರ ದಾಟಿ ಬರುವ ಮಾತೇ ಇರಲಿಲ್ಲ. ಆದರೂ ಕೋಳಿ ಮೇಯಿಸಿದ್ದಳು. ಇವರು ಮತ್ತೆ ಊರಿಗೆ ಹೋಗುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು. ತಿಪ್ಪೆಗಳಿದ್ದ ಜಾಗದಲ್ಲಿ ಕಾರುಗಳು ನಿಂತಿದ್ದವು.

ಇದನ್ನೆಲ್ಲ ಬಟ್ಟೆಯ ಗಂಟು ಬಿಗಿಯುತ್ತ ಹೇಳಿ, ಕಿವಿ ಮುಚ್ಚಿದೆಯಾ ಎಂದು ಎರಡೂ ಕಡೆ ಮುಟ್ಟಿ ನೋಡಿದರು. ನನಗೆ ದಿನಾ ಮಾಡುತ್ತಿದ್ದದ್ದು ಅವರಿಗೆ ಒಂದು ದಿನವೂ ಆಗಿರಲಿಲ್ಲ.

ಮುಂದಿನ ವರ್ಷ ಅಮ್ಮನಿಗೆ ವೀಸಾ ಸಿಕ್ಕಿತು. ಮಗು ಗೋಡೆ ಹಿಡಿದು ನಡೆಯುವಾಗ ಅವಳು ಬಾಣಂತಿಗೆ ತಿನ್ನಿಸುವ ಅಂಟಿನುಂಡೆ ತುಂಬಿಕೊಂಡು ಇಳಿದಳು. ಈಗ ಯಾಕಮ್ಮ ಎಂದರೆ, ತಿನ್ನು ಸುಮ್ಮನೆ ಎಂದಳು. ಪಕ್ಕದ ಮನೆಗೆ ಹೋಗುವುದು ಅವಳ ಮೊದಲ ಕೆಲಸವಾಗಿತ್ತು. ಅವರ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲಿ ಏನೇನೋ ಹೇಳಿದಳು. ಅವರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಾನು ಅನುವಾದ ಮಾಡಲು ಹೋದೆ, ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

ರಾತ್ರಿ ಊಟ ಮಾಡುವಾಗ ಅಮ್ಮ, ಅವರ ಬಾಣಂತನ ಯಾರು ಮಾಡಿದ್ದು ಎಂದು ಕೇಳಿದಳು. ನಾನು ಹೇಳಿದೆ. ಕೋಳಿಗಳ ವಿಷಯ ಬಂದಾಗ ಅಮ್ಮ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೂತಳು. ಆಮೇಲೆ ಬೇರೆ ಮಾತು ತೆಗೆದಳು.

ಶನಿವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಹರಳೆಣ್ಣೆ ಬಿಸಿ ಮಾಡುತ್ತಿದ್ದಳು. ಆಂಟಿಯನ್ನು ಕರೆದುಕೊಂಡು ಬಾ ಎಂದಳು. ಯಾಕೆ ಎಂದು ನನಗೆ ಗೊತ್ತಾಯಿತು.

“ಅಮ್ಮ, ಅವರ ಮಗನಿಗೇ ಐವತ್ತಾಗ್ತಾ ಬಂತು.”

“ಮಗನಿಗೆ ಆಗಿರ್ಬೋದು. ಅವರಿಗೆ ಬಾಣಂತನ ಆಗಿಲ್ವಲ್ಲ. ಹೋಗಿ ಕರ್ಕೊಂಡ್ ಬಾ.”

ಹೇಗೆ ಹೇಳುವುದು ಎಂದು ನಾಚಿಕೊಂಡೇ ಹೋದೆ. ಆಂಟಿ ಕೇಳಿ, ನಗಬಹುದು ಎಂದುಕೊಂಡಿದ್ದೆ. ಅವರು ನಗಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಬಂದರು.

ಅಮ್ಮ ನೆತ್ತಿಗೆ ಎಣ್ಣೆ ತಟ್ಟಿದಳು. ಬೆನ್ನು, ಸೊಂಟ, ಮೊಣಕಾಲು ಎಲ್ಲ ನೀವಿದಳು. ನಾನು ಬಿಸಿನೀರು ಮುಗಿಯದ ಹಾಗೆ ಒಲೆಯ ಮೇಲೆ ಕಾಯಿಸಿ ಕಾಯಿಸಿ ಬಾತ್‌ರೂಮಿನ ಬಾಗಿಲಿಗೆ ತಂದುಕೊಟ್ಟೆ. ಒಳಗಿನಿಂದ ನೀರು ಹುಯ್ಯುವ ಸದ್ದು ಕೇಳುತ್ತಿತ್ತು. ಆಮೇಲೆ ಅಮ್ಮ ಅವರ ತಲೆ ಒರೆಸಿ, ತನ್ನ ಹಳೆಯ ಹತ್ತಿ ಸೀರೆಯನ್ನು ಹರಿದು ಕಿವಿ ಮುಚ್ಚುವ ಹಾಗೆ ಕಟ್ಟಿ, ಅಂಟಿನುಂಡೆ ತಿನ್ನಿಸಿ, ಬಿಸಿ ಹಾಲು ಕುಡಿಸಿ, ನನ್ನ ಮಂಚದ ಮೇಲೆ ಮಲಗಿಸಿ ಎರಡು ಕಂಬಳಿ ಹೊದಿಸಿದಳು. ಜುಲೈ ತಿಂಗಳು, ಹೊರಗೆ ಬಿಸಿಲು ಸುಡುತ್ತಿತ್ತು. ಅವರು ಬೇಡ ಎನ್ನಲಿಲ್ಲ.

ಅಮ್ಮ ಮಂಚದ ಅಂಚಿನಲ್ಲಿ ಕೂತಳು. ಆಂಟಿ ಕಣ್ಣು ಮುಚ್ಚಿಕೊಂಡೇ ಮಾತಾಡತೊಡಗಿದರು, ಇಂಗ್ಲಿಷಿನಲ್ಲಲ್ಲ. ಮೆಲ್ಲಗೆ, ತುಂಬ ಹೊತ್ತು, ಯಾರಿಗೋ ವರದಿ ಒಪ್ಪಿಸುವ ಹಾಗೆ. ನನಗೊಂದು ಅಕ್ಷರವೂ ತಿಳಿಯಲಿಲ್ಲ. ಅಮ್ಮನಿಗೂ ತಿಳಿದಿರಲಾರದು. ಆದರೆ ತನಗಿಂತ ಹತ್ತು ಹದಿನೈದು ವರ್ಷ ದೊಡ್ಡವರ ಹಣೆಯ ಮೇಲೆ ಕೈಯಿಟ್ಟುಕೊಂಡು ಅಮ್ಮ ಒಂದೊಂದು ಮಾತಿಗೂ ಹೂಂ, ಹೂಂ ಎನ್ನುತ್ತಿದ್ದಳು. ಕೊನೆಗೆ ಅವರ ಮಾತು ಮುಗಿದಾಗ, ಕಂಬಳಿಯನ್ನು ಕತ್ತಿನವರೆಗೆ ಎಳೆದು ಹೇಳಿದಳು:

“ಬಂದಿದೀನಲ್ಲಮ್ಮ. ಸ್ವಲ್ಪ ತಡ ಆಯ್ತು ಅಷ್ಟೆ. ಮಲ್ಕೋ.”