ಎರಡು ಕಡೆಗೂ ಹೇಳಿದ ಸುಳ್ಳು

ಬಳೆ ತೆಗೆಯಬೇಕೆಂದು ಆ ಕಸ್ಟಮ್ಸ್ ಅಧಿಕಾರಿ ಹೇಳಿರಲಿಲ್ಲ. ಹೇಳಿದವಳು ನಾನು. ಅವನು ಆಡದ ಮಾತನ್ನು ಅವನದೆಂದು ಸೋಮ್ಲಿಬಾಯಿಗೆ ಹೇಳಿದೆ. ಅವಳು ಕೊಡದ ಒಪ್ಪಿಗೆಯನ್ನು ಅವಳದೆಂದು ಅವನಿಗೆ ಹೇಳಿದೆ. ಅವನ ಮಾತು ಅವಳಿಗೆ ತಿಳಿಯದು, ಅವಳ ಮಾತು ಅವನಿಗೆ ತಿಳಿಯದು, ನಡುವೆ ನಿಂತ ನನಗೆ ಎರಡೂ ತಿಳಿಯುತ್ತಿತ್ತು. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅವಳು ಗುಡ್ಡದಿಂದ ಕಳಿಸಿದ ಸೀತಾಫಲ ತಿಂದುಕೊಂಡು, ಹೊಸಪೇಟೆಯಲ್ಲಿ ಗೌರವದಿಂದ ಬದುಕಿದ್ದೇನೆ. ಗೌರವ — ಅದೂ ಅವಳೇ ಕೊಟ್ಟದ್ದು.

ನಾನು ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಸೋಮ್ಲಿಬಾಯಿ ಸಂಡೂರಿನ ಹತ್ತಿರದ ಲಂಬಾಣಿ ತಾಂಡಾದವಳು. ಬಟ್ಟೆಯ ಮೇಲೆ ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಅವಳ ಕಸೂತಿಯನ್ನು ಮೆಚ್ಚಿ ಯುರೋಪಿನ ಒಂದು ಊರಿನ ಪ್ರದರ್ಶನದವರು ಕರೆದಿದ್ದರು. ಅವಳ ಜೊತೆಗೆ ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ಬೇಕೆಂದಾಗ ನಾನೇ ಮುಂದೆ ಬಂದೆ. ಉಪಕಾರ ಎಂದು ಎಲ್ಲರೂ ಹೊಗಳಿದರು. ವಿಮಾನ ಹತ್ತುವ ಆಸೆ ನನಗೂ ಇತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಅವಳ ಎರಡೂ ರಟ್ಟೆಗಳ ತುಂಬ ಬಿಳಿ ಬಳೆಗಳಿದ್ದವು. ಎಲುಬಿನವು. ಮದುವೆಯ ದಿನ ತಾಯಿ ಹಾಕಿದ್ದು. ಗಂಡ ಇರುವತನಕ ಅವು ತೋಳು ಬಿಟ್ಟು ಇಳಿಯುವುದಿಲ್ಲ. ಇಳಿದರೆ ಅದರ ಅರ್ಥ ಒಂದೇ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ಅದು ಮೂರನೆಯ ಸುಳ್ಳಾಗುತ್ತದೆ. ಬೆಂಗಳೂರಿನಲ್ಲಿ ತಪಾಸಣೆಯ ಮಹಿಳಾ ಪೊಲೀಸಮ್ಮ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಒಂದೊಂದೇ ಬಳೆ ಮುಟ್ಟಿ ನೋಡಿ, ಹೋಗವ್ವ ಎಂದು ಕಳಿಸಿದ್ದಳು.

ವಿಮಾನದಲ್ಲಿ ನನಗೆ ಕಣ್ಣು ಹತ್ತಲಿಲ್ಲ. ಇಳಿಯುವ ಹೊತ್ತಿಗೆ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅಲ್ಲಿ ಇಮಿಗ್ರೇಶನ್ನಿನ ಪಾಳಿ, ಹಗ್ಗ ಕಟ್ಟಿದ ದಾರಿಯಲ್ಲಿ ಹಾವಿನಂತೆ ಸುತ್ತಿ ಸುತ್ತಿ ನಿಂತಿತ್ತು. ಸೋಮ್ಲಿಬಾಯಿಗೆ ಮಾತ್ರ ಖುಷಿ. ಇಷ್ಟು ಮಂದಿ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಇಷ್ಟೊತ್ತಿಗೆ ನಾಲ್ಕು ಜಗಳ ಆಗಿರುತ್ತಿದ್ದವು ಎಂದು ನಗಿಸಲು ನೋಡಿದಳು. ನಾನು ನಗಲಿಲ್ಲ. ಕಿಟಕಿಯ ಹಿಂದಿನವನು ಯಾಕೆ ಬಂದಿರಿ, ಎಷ್ಟು ದಿನ, ಯಾರು ಕರೆದರು ಎಂದು ಕೇಳಿದ್ದನ್ನೆಲ್ಲ ಅವಳಿಗೆ ಹೇಳಿ, ಅವಳ ಉತ್ತರವನ್ನು ಅವನಿಗೆ ಹೇಳಿದೆ. ಅಲ್ಲಿಯವರೆಗೆ ಒಂದಕ್ಷರ ಅತ್ತಿತ್ತ ಮಾಡಿರಲಿಲ್ಲ.

ಪೆಟ್ಟಿಗೆ ತೆಗೆದುಕೊಂಡು ಹೊರಗೆ ಹೋಗುವ ಬಾಗಿಲ ಹತ್ತಿರ ಕಸ್ಟಮ್ಸ್‌ನವನು ತಡೆದ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಅವಳ ತೋಳು ನೋಡಿ, ಇದು ಆನೆದಂತವೇ ಎಂದು ಕೇಳಿದ. ಅಲ್ಲ, ಎಲುಬು ಎಂದೆ. ಇರಬಹುದು, ಆದರೆ ನೋಡಿ ಹೇಳಬಲ್ಲವರು ಬೇರೆ ಇದ್ದಾರೆ, ಒಂದು ತಾಸು ಕೂತಿರಿ, ಬರುತ್ತಾರೆ, ದಂತ ಅಲ್ಲವೆಂದರೆ ಹಾಗೆಯೇ ಹೋಗಬಹುದು ಎಂದ. ಇಲ್ಲೇ ಬಿಟ್ಟು ಹೋದರೆ? ಕೇಳಿದವಳು ನಾನು. ಅದು ಅವರ ಇಷ್ಟ, ನಾನು ಬಲವಂತ ಮಾಡುವುದಿಲ್ಲ ಎಂದ.

ಒಂದು ತಾಸು. ಅಷ್ಟೇ ಅವನು ಕೇಳಿದ್ದು. ತಾಳಿದವನು ಬಾಳಿಯಾನು ಎಂದು ಮಕ್ಕಳಿಗೆ ಹೇಳುತ್ತಲೇ ನೌಕರಿ ಮುಗಿಸಿದವಳು ನಾನು —

ಅವಳ ಕಡೆ ತಿರುಗಿ, "ತೆಗೀಲೇಬೇಕಂತ ಸೋಮ್ಲಿಬಾಯಿ. ಇಲ್ಲಿನ ಸರ್ಕಾರದ ರೂಲಂತ," ಎಂದೆ.

ಅವಳು ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕೋರ, ಇನ್ನೊಂದು ಸರ್ತಿ ಕೇಳ್ರಿ. ನನ್ನ ಗಂಡ ಬದುಕ್ಯಾನ ಅಂತ ಹೇಳ್ರಿ ಅವಗ," ಎಂದಳು.

ನಾನು ಅವನ ಕಡೆ ತಿರುಗಿದೆ. ಇಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ಎಡಗಡೆ ಎಂದು ಅವನು ಕೈ ತೋರಿಸಿದ. ಸುಮ್ಮನಿರಬಾರದೆಂದು ಇನ್ನೂ ಏನೇನೋ ಕೇಳಿದೆ, ಹೊರಗೆ ಚಳಿ ಹೇಗಿದೆ, ಪೇಟೆ ಎಷ್ಟು ದೂರ. ಮತ್ತೆ ಅವಳ ಕಡೆ ತಿರುಗಿ, ಆಗುವುದಿಲ್ಲವಂತೆ ಎಂದು ತಲೆ ಅಲ್ಲಾಡಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತನ್ನ ಸಲುವಾಗಿ ನಾನು ಅಷ್ಟುದ್ದ ಬೇಡಿಕೊಂಡೆ ಎಂದು ತಿಳಿದಳು.

ಬಳೆಗಳು ಮೊಣಕೈ ದಾಟಿ ಇಳಿಯಲಿಲ್ಲ. ತೋಳು ಅವುಗಳ ಸುತ್ತಲೇ ಬೆಳೆದಿತ್ತು. ಕತ್ತರಿಸುವುದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದಾಗ ಆ ಹುಡುಗ ಅಧಿಕಾರಿ ಗಾಬರಿಯಾದ. ಅವರಿಗೆ ನಿಜವಾಗಿಯೂ ಒಪ್ಪಿಗೆ ಇದೆಯೇ, ಕಾಯುವುದು ಬೇಡವೇ ಎಂದು ಅವಳನ್ನೇ ನೋಡುತ್ತ ಕೇಳಿದ. ಅವಳು ತಲೆ ತಗ್ಗಿಸಿದ್ದಳು. ಅವಳಿಗೆ ಒಪ್ಪಿಗೆ ಇದೆ, ಅವಳಿಗೇ ಅವಸರ ಎಂದೆ. ಅವನು ಯಾವುದೋ ಇಕ್ಕಳ ತರಿಸಿದ. ಒಬ್ಬ ಹೆಂಗಸು ಬಂದು ಬಳೆಯ ಕೆಳಗೆ ಬಟ್ಟೆ ತೂರಿಸಿ, ನೋಯದಂತೆ ಒಂದೊಂದನ್ನೇ ಮುರಿದಳು. ಸೋಮ್ಲಿಬಾಯಿ ಅಳಲಿಲ್ಲ. ತಾಯಿಯನ್ನು ತನ್ನ ಭಾಷೆಯಲ್ಲಿ ಒಂದು ಸಲ ಕರೆದಳು, ಅಷ್ಟೇ.

ಯಾಕೆ ಮಾಡಿದೆ? ಹೊರಗೆ ಪ್ರದರ್ಶನದವರ ಕಾರು ಕಾಯುತ್ತಿತ್ತು ಎಂದು ಬರೆಯಬಹುದು. ಕಾಯುತ್ತಿತ್ತು, ನಿಜ. ಆದರೆ ಅದು ಕಾಯುವುದಕ್ಕೇ ಬಂದ ಕಾರು. ನನಗೆ ದಣಿವಾಗಿತ್ತು. ಮಲಗಬೇಕಾಗಿತ್ತು. ಆ ಬಾಗಿಲಲ್ಲಿ ಹಾದುಹೋಗುವವರೆಲ್ಲ ನಮ್ಮನ್ನು ತಿರುಗಿ ತಿರುಗಿ ನೋಡುತ್ತಿದ್ದುದು ನನಗೆ ಅವಮಾನ ಎನಿಸಿತ್ತು... ಇನ್ನೂ ಕೆದಕಿದರೆ ಇನ್ನೂ ಕೆಟ್ಟದ್ದು ಸಿಗುತ್ತದೆ. ನನ್ನ ಕೊರಳ ತಾಳಿಯನ್ನು ತೆಗೆ ಎಂದಿದ್ದರೆ ಆ ವಿಮಾನ ನಿಲ್ದಾಣವನ್ನೇ ತಲೆ ಮೇಲೆ ಹೊತ್ತಿರುತ್ತಿದ್ದೆ. ಅವಳದು ನನಗೆ ಬರೀ ಬಳೆ.

ಪ್ರದರ್ಶನ ಚೆನ್ನಾಗಿ ನಡೆಯಿತು. ಅವಳು ತಲೆಗೆ ಹೊದ್ದ ಓಡನಿಯನ್ನು ಎರಡೂ ತೋಳಿಗೆ ಸುತ್ತಿಕೊಂಡು ಹೊಲಿಯುತ್ತ ಕೂತಳು. ವಾಪಸು ಬಂದಾಗ ಹೊಸಪೇಟೆ ಸ್ಟೇಷನ್ನಿಗೆ ಅವಳ ಗಂಡ ಗೋಪ್ಲಾ ನಾಯ್ಕ ಬಂದಿದ್ದ. ಅದಿರಿನ ಲಾರಿಗಳಲ್ಲಿ ದುಡಿದು ಬೆನ್ನು ಬಾಗಿದ ಮನುಷ್ಯ. ಹೆಂಡತಿಯ ತೋಳು ನೋಡಿದ, ನನ್ನನ್ನು ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಅಡ್ಡ ನಿಂತು, "ಅಕ್ಕೋರಿಗೆ ಏನೂ ಅನಬ್ಯಾಡ. ಸರ್ಕಾರದ ಮಾತಿಗೆ ಅವರೇನ್ ಮಾಡ್ತಾರ? ನನ್ನ ಸಲುವಾಗಿ ಭಾಳ ಬೇಡ್ಕಂಡ್ರು," ಎಂದಳು. ಗೋಪ್ಲಾ ನಾಯ್ಕ ನನಗೆ ಕೈ ಮುಗಿದ. ನಾನೂ ಮುಗಿದೆ. ಅಲ್ಲಿಯೇ ಹೇಳಬಹುದಿತ್ತು.

ಮತ್ತೆ ಬಳೆ ಹಾಕಿಸಿಕೋ ಎಂದು ಒಂದೆರಡು ಸಲ ಹೇಳಿ ನೋಡಿದೆ, ದುಡ್ಡು ನಾನು ಕೊಡುತ್ತೇನೆಂದೆ. ಹಾಕಬೇಕಾದ ತಾಯಿ ಈಗಿಲ್ಲವಲ್ಲ ಎಂದಳು. ತಾಂಡಾದ ಮದುವೆಗಳಲ್ಲಿ ಅವಳು ಹಿಂದೆ ನಿಲ್ಲುತ್ತಾಳೆ ಎಂದು ಬೇರೆಯವರಿಂದ ಕೇಳಿದೆ. ಯಾರೂ ನಿಲ್ಲಿಸಿದ್ದಲ್ಲ. ಮದುಮಗಳ ಮುಂದೆ ಬರಿ ತೋಳು ಯಾಕೆ ಎಂದು ತಾನೇ ಸರಿದು ನಿಲ್ಲುವುದು. ಕೇಳಿ ಸುಮ್ಮನಾದೆ. ಸುಮ್ಮನಿರುವುದು ಒಮ್ಮೆ ರೂಢಿಯಾದರೆ ಅದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ಹೋದ ವಾರ ಸಂಡೂರಿನ ಹೊಲಿಗೆ ಕೇಂದ್ರದಿಂದ ಫೋನ್ ಬಂತು. ಮೂವರು ಹುಡುಗಿಯರು ಇನ್ನೊಂದು ದೇಶದ ಪ್ರದರ್ಶನಕ್ಕೆ ಹೊರಟಿದ್ದಾರೆ, ವಿಮಾನ ನಿಲ್ದಾಣದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬಂದು ತಿಳಿಸಿ ಎಂದರು. ಹೋದೆ. ಮೂವರಲ್ಲಿ ಒಬ್ಬಳು ಸೋಮ್ಲಿಬಾಯಿಯ ಸೊಸೆ ಕವಿತಾ. ಈಗಿನ ಹುಡುಗಿಯರು ಅಂಥ ಬಳೆ ಹಾಕುವುದು ಕಡಿಮೆ. ಇವಳು ಹಟ ಮಾಡಿ ಅತ್ತೆಯ ಕೈಯಿಂದಲೇ ಹಾಕಿಸಿಕೊಂಡಿದ್ದಳು. ಮದುವೆಯಲ್ಲಿ ನಾನೇ ನೋಡಿದ್ದೆ. ಈಗ ಅವಳ ತೋಳು ಬರಿದಾಗಿತ್ತು.

ನಾನು ಕೇಳುವ ಮೊದಲೇ, ಪಕ್ಕದಲ್ಲಿ ಹೊಲಿಯುತ್ತ ಕೂತಿದ್ದ ಸೋಮ್ಲಿಬಾಯಿ ಹೇಳಿದಳು, ನಿನ್ನೆ ತಾನೇ ಎಣ್ಣೆ ಹಚ್ಚಿ ತೆಗೆದೆನೆಂದು. ಹೊರದೇಶದ ಸರ್ಕಾರ ಹೆಂಗೂ ಬಿಡುವುದಿಲ್ಲ, ಗುರುತಿಲ್ಲದವರ ಕೈಯಲ್ಲಿ ಮುರಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ನಮ್ಮವರ ಕೈಯಲ್ಲೇ ಇಳಿಯಲಿ ಎಂದು. ಆ ಹುಡುಗಿ ರಾತ್ರಿಯಿಡೀ ಅತ್ತಳಂತೆ. ರೂಲು ಅಂದರೆ ರೂಲು, ಅಕ್ಕೋರು ಅಷ್ಟು ಬೇಡಿಕೊಂಡರೂ ಕೇಳಲಿಲ್ಲ ಎಂದು ಇವಳೇ ಸಮಾಧಾನ ಮಾಡಿದ್ದಾಳೆ.

ನನ್ನ ಸುಳ್ಳು ಆ ತಾಂಡಾದಲ್ಲಿ ಕಾಯ್ದೆಯಾಗಿ ಕೂತಿದೆ.

ಸೋಮ್ಲಿಬಾಯಿಯನ್ನು ಒಬ್ಬಳನ್ನೇ ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಇಲ್ಲಿ ಬರೆದಷ್ಟು ನೇರವಾಗಿ ಹೇಳಲಿಲ್ಲ, ತೊದಲಿದೆ. ಶೌಚಾಲಯ ಕೇಳಿದ್ದನ್ನು ಕೊನೆಗೆ ಇಟ್ಟುಕೊಂಡೆ. ಆದರೆ ಏನೂ ಬಿಡಲಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಹಂಗಾದ್ರ ಅವ ಖರೇ ಏನಂದಿದ್ದ?" ಎಂದಳು.

"ಒಂದು ತಾಸು ಕುಂದ್ರಿ ಅಂದಿದ್ದ."

ಬೈಯಲಿ ಎಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ದಿನಾ ಕುಂತು ಹೊಲಿಯಾಕಿ ನಾನು," ಎಂದಳು ಕೊನೆಗೆ. "ಕುಂದರ್ತಿದ್ದೆನಲ್ರಿ ಅಕ್ಕೋರ."

ಆಮೇಲೆ ಎದ್ದು ನಿಂತು, ಕವಿತಾಳನ್ನು ಕರೆಯಿರಿ, ಅವಳಿಗೂ ನೀವೇ ಹೇಳಿರಿ ಎಂದಳು. ಕರೆದೆ.