ಎದೆಗೆ ಹಚ್ಚಿದ ಗಂಧ

ನನ್ನ ಯಜಮಾನರಿಗೆ ಮೊದಲು ಎದೆ ಹಿಡಿದದ್ದು ಸಾಗರದ ಪೇಟೆಯಿಂದ ನಮ್ಮ ಮನೆಗೆ ಬರುವ ಏರಿನಲ್ಲಿ. ಕೈಚೀಲ ಕೆಳಗಿಟ್ಟು ನಿಂತರು. ಸ್ವಲ್ಪ ಹೊತ್ತಿಗೆ ನೋವು ಹೋಯಿತು. ನಡೆದು ಬಂದರು.

ನಮ್ಮದು ಗಂಧದ ಕೆತ್ತನೆಯ ಮನೆ. ಮರವನ್ನು ಎದೆಗೆ ಆನಿಸಿಕೊಂಡು ಉಳಿ ಹಿಡಿಯುವವರಲ್ಲಿ ಎದೆನೋವೆಂದರೆ ಯಾರೂ ಹೆದರುವುದಿಲ್ಲ. ಗಂಧದ ಚೂರು ತೇಯ್ದು ಎದೆಗೆ ಹಚ್ಚಿ ಮಲಗಿಸುತ್ತೇವೆ. ಇವರಿಗೂ ಹಾಗೇ ಮಾಡಿದೆವು. ಪ್ರತಿ ಸಲವೂ ನೋವು ಇಳಿಯಿತು. ಇಳಿಸಿದ್ದು ಗಂಧ ಎಂದುಕೊಂಡೆವು. ಸುಮ್ಮನೆ ಮಲಗಿದ್ದಕ್ಕೆ ಇಳಿಯುತ್ತಿತ್ತು ಎಂದು ನಮಗೆ ಯಾರು ಹೇಳಬೇಕು?

ತೇಯ್ದು ಕೊಡುತ್ತಿದ್ದವನು ಮೈದುನ ಗಣಪ. ನಾನು ಮದುವೆಯಾಗಿ ಬಂದಾಗ ಅತ್ತೆ ಇರಲಿಲ್ಲ. ಅವನಿಗೆ ಅನ್ನ ಕಲಸಿಕೊಟ್ಟು ಬೆಳೆಸಿದವಳು ನಾನೇ. ಕಲ್ಲುಗುಂಡಿನಂಥ ಮೈಕಟ್ಟು ಅವನದು. ಕೊಡತಿಯಿಂದ ಉಳಿಗೆ ಹೊಡೆದು ಮರದ ಹೊರರೂಪ ತೆಗೆಯುವುದು ಅವನ ಕೆಲಸ, ಕಣ್ಣು ಮೂಗು ಬಿಡಿಸುವುದು ಅಣ್ಣನದು. ಹೆಣ್ಣು ನೋಡೋಣ ಎಂದರೆ, "ಅಣ್ಣ ನೆಟ್ಟಗಾಗ್ಲಿ ಅತ್ತಿಗೆ, ನಾನೆಲ್ಲಿ ಓಡಿ ಹೋಗ್ತೀನಿ?" ಅನ್ನುತ್ತಿದ್ದ.

ಕೊನೆಗೆ ಅವನೇ ಹಟ ಹಿಡಿದು ಅಣ್ಣನನ್ನು ರೈಲು ಹತ್ತಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಇಸಿಜಿ ತೆಗೆದರು. ಹಾರ್ಟಿನ ಕಾಯಿಲೆ. ಕೊಡತಿ ಮುಟ್ಟಬಾರದು, ನೋವು ಬಂದರೆ ನಾಲಗೆಯಡಿಗೆ ಮಾತ್ರೆ. ಮಾತ್ರೆ ಬಂದ ಮೇಲೂ ನಾವು ಗಂಧ ಬಿಡಲಿಲ್ಲ. ಅಂದಿನಿಂದ ಮನೆಯವರೆಲ್ಲ ಇವರ ಉಸಿರನ್ನೇ ಕೇಳುತ್ತ ಬದುಕಿದೆವು. ಗಣಪನ ಉಸಿರನ್ನು ಯಾರು ಕೇಳಿದರು?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕೊಡತಿಯ ಸದ್ದು ನಿಂತಿತು. ಹೋಗಿ ನೋಡಿದರೆ ಗಣಪ ಬೆವೆತು ಗೋಡೆಗೆ ಒರಗಿದ್ದ.

"ಎಂಥ ಆಯ್ತೋ?"

"ದಿಮ್ಮಿ ಎತ್ತಿದ್ದಲ್ಲ ಅತ್ತಿಗೆ, ಉಳುಕಿರ್ಬೇಕು. ಒಂಚೂರು ಗಂಧ ಹಚ್ಚಿ. ಅಣ್ಣಂಗೆ ಹೋಗ್ತದಲ್ಲ, ನಂಗೂ ಹೋಗ್ತದೆ."

ತೇಯ್ದೆ. ಹಚ್ಚಿದೆ. ಇಳಿಯುತ್ತದೆ ಎಂದು ಕಾದೆವು.

ಎದೆಯ ಮೇಲಿನ ಗಂಧ ಒಣಗುವ ಮೊದಲೇ ಗಣಪ ಹೋಗಿಬಿಟ್ಟ.

ಇವರು ಊಟ ಬಿಟ್ಟರು. ಮಾತ್ರೆ ಬಿಟ್ಟರು. "ನನ್ನ ಸಾವು ಅವ್ನು ಹೊತ್ಕೊಂಡು ಹೋದ. ನಾನಿನ್ನು ಯಾಕಿರ್ಲಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಕೆಟ್ಟ ಸಿಟ್ಟು ಬಂತು. ಸಾಕಿದ ಹುಡುಗನನ್ನು ಸುಟ್ಟು ಬಂದ ಮನೆಯಲ್ಲಿ ಇನ್ನೊಬ್ಬರು ಹಟ ಮಾಡಿ ಸಾಯುತ್ತೇನೆಂದರೆ ನಾನು ಎಲ್ಲಿಗೆ ಹೋಗಲಿ? ಸೂತಕ ಕಳೆದದ್ದೇ ಬೈದು ಶಿವಮೊಗ್ಗಕ್ಕೆ ಹೊರಡಿಸಿದೆ.

ಡಾಕ್ಟರನ್ನು ನಾನೇ ಕೇಳಿದೆ. "ವರ್ಷಗಟ್ಟಲೆ ನೋವು ತಿಂದ ಇವ್ರು ಇದ್ದಾರೆ. ಒಂದಿನ ತಲೆನೋವು ಅನ್ನದವ್ನು ಹೋದ. ಇದೆಂಥ ನ್ಯಾಯ ಡಾಕ್ಟ್ರೇ?"

ಅವರು ಮುಷ್ಟಿ ಕಟ್ಟಿ ಅದರ ಮೇಲೆ ಬೆರಳಾಡಿಸಿ ತೋರಿಸಿದರು. "ಹೃದಯಕ್ಕೆ ರಕ್ತ ಕೊಡೋದು ಎರಡು ಕೊರೊನರಿ ಆರ್ಟರಿ ತಾಯಿ, ಎಡಕ್ಕೊಂದು ಬಲಕ್ಕೊಂದು. ಅವುಗಳ ಕವಲುಗಳ ಮಧ್ಯೆ ನೂಲಿನಂಥ ಸಣ್ಣ ನಾಳಗಳಿರ್ತವೆ, ಕೊಲ್ಯಾಟರಲ್ ಅಂತ. ಹುಟ್ಟಿನಿಂದ್ಲೇ ಕೆಲವ್ರಿಗೆ ಹೆಚ್ಚು, ಕೆಲವ್ರಿಗೆ ಕಡಿಮೆ. ನಿಮ್ಮ ಯಜಮಾನ್ರ ದೊಡ್ಡ ನಾಳ ನಿಧಾನವಾಗಿ ಕಟ್ಟಿದೆ, ಅಷ್ಟರಲ್ಲಿ ಸಣ್ಣವು ಅಗಲ ಆಗಿ ರಕ್ತಕ್ಕೆ ದಾರಿ ಮಾಡಿರ್ಬೇಕು. ತಮ್ಮಂದು ಒಮ್ಮೆಗೇ ಮುಚ್ಚಿರ್ಬೇಕು. ಅಗಲ ಆಗಕ್ಕೆ ಹೊತ್ತೇ ಸಿಕ್ಕಿಲ್ಲ. ಒಳಗೆ ನಾನು ನೋಡಿಲ್ಲ, ಇದು ಅಂದಾಜು."

ಇವರು ಆಗ ತಲೆ ಎತ್ತಿದರು. "ಹಾಗಾದ್ರೆ ನಂದು ಅವ್ನಿಗೆ ಹೋಗಿದ್ದಲ್ವಾ?"

"ಅಲ್ಲ. ಅವರವರ ಎದೆ ಅವರವರದ್ದು. ನೀವು ಮಾತ್ರೆ ತಗೊಳ್ಳಿ."

ಗಂಧ ತೇಯುವ ಬದಲು ಡಾಕ್ಟರ ಹತ್ತಿರ ಓಡಿದ್ದರೆ ಗಣಪ ಉಳಿಯುತ್ತಿದ್ದನೇ ಎಂದು ಬಾಯಿಗೆ ಬಂತು. ಕೇಳಲಿಲ್ಲ. ಈಗ ನಮ್ಮ ಮನೆಯಲ್ಲಿ ಗಂಧ ತೇಯುವುದು ದೇವರಿಗೆ ಮಾತ್ರ.

ಗಣಪ ಹೊರರೂಪ ತೆಗೆದಿಟ್ಟ ಕೆಲವು ಆನೆಗಳಿದ್ದವು. ಇವರು ಒಂದೊಂದನ್ನೇ ಹಿಡಿದು, ನಿಲ್ಲಿಸಿ, ಮತ್ತೆ ಹಿಡಿದು ಮುಗಿಸಿದರು. ಕೊನೆಯದು ಮುಗಿದ ದಿನ ಉಳಿ ಕೆಳಗಿಟ್ಟು ಕೂತರು. ಮುಂದಿನ ಮರಕ್ಕೆ ಕೊಡತಿ ಎತ್ತುವಂತಿಲ್ಲ. ಗಣಪನ ಜಾಗಕ್ಕೆ ಬೇರೆ ಆಳನ್ನು ತರುವ ಮನಸ್ಸೂ ಇಲ್ಲ.

ನಮ್ಮಲ್ಲಿ ಹೆಂಗಸರು ಉಜ್ಜಿ ನಯ ಮಾಡುತ್ತಾರೆ, ಕೊಡತಿ ಹಿಡಿಯುವುದಿಲ್ಲ. ನಾನು ಹಿಡಿದೆ. ಗಣಪನ ಮಣೆಯ ಮೇಲೆ ಕೂತು ಹೊಡೆದೆ. ಉಳಿ ಜಾರಿತು. ಕಣ್ಣೀರಿನಲ್ಲಿ ಗೆರೆ ಕಾಣುತ್ತಿರಲಿಲ್ಲ.

"ಮರದ ಎಳೆ ನೋಡಿ ಹೊಡಿ ಮಾರಾಯ್ತಿ, ಸೀಳ್ತದೆ," ಎಂದು ಗದರಿದರು.

ಗಣಪ ಹೋದ ಮೇಲೆ ಇವರು ಯಾರನ್ನಾದರೂ ಗದರಿದ್ದು ಅದೇ ಮೊದಲು. ನಾನು ಕಣ್ಣು ಒರೆಸಿಕೊಂಡು, ಎಳೆ ನೋಡಿ, ಮತ್ತೆ ಹೊಡೆದೆ.