ಬಿದ್ದವನಿಗೆ ಹೊಡೆಯಬಾರದು

"ಈ ಮನೆಗೆ ಡಿಗ್ರಿ ಬರೋದು ಆಗದ ಮಾತು ಕಣಮ್ಮ" ಎಂದವರು ನಮ್ಮ ದೊಡ್ಡಪ್ಪ. ಅಪ್ಪನ ವರ್ಷದ ತಿಥಿ ಊಟ ಮುಗಿಸಿ, ಅಡಿಕೆ ಮೆಲ್ಲುತ್ತ ಅಮ್ಮನಿಗೆ ಹೇಳಿದರು. ಬೈದದ್ದಲ್ಲ, ಮಳೆ ಬರುವ ಹಾಗಿದೆ ಅನ್ನುವಷ್ಟು ಸಲೀಸಾಗಿ ಹೇಳಿದರು. ಮೂಡಲಪಾಳ್ಯದಲ್ಲಿ ಹೊಲವಿದ್ದ ಕಾಲದ ಮನೆತನ ನಮ್ಮದು. ದೊಡ್ಡಪ್ಪನ ಪಾಲಿನ ಹೊಲ ಬಾಡಿಗೆ ಮನೆಗಳಾಗಿ ಎದ್ದು ನಿಂತಿತ್ತು. ಅಪ್ಪನ ಪಾಲು ಅಪ್ಪನ ಕಾಯಿಲೆಯಲ್ಲೇ ಕರಗಿತ್ತು.

"ಇವರಪ್ಪ ಏಳನೇ ಕ್ಲಾಸು. ದೊಡ್ಡೋನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸ್ದ. ಇವನೇನು ಕಡಿದು ಗುಡ್ಡೆ ಹಾಕ್ತಾನೆ? ಯಾವ್ದಾದ್ರೂ ಶೋರೂಮಿಗೆ ಸೇರ್ಸು."

ದೊಡ್ಡೋನು ಎಂದರೆ ನಮ್ಮಣ್ಣ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನ್ನ ಕಡೆ ತಿರುಗಿದ.

"ನೀನು ಕಾಲೇಜಿಗೆ ಹೋಗು. ಎದುರು ಮಾತಾಡ್ಬೇಡ."

ನಾನೇನೂ ಎದುರು ಮಾತಾಡಿರಲಿಲ್ಲ. ಹೀಗೆ ನಾನು ಬಿಸಿಎ ಸೇರಿದೆ.

ಕೊನೆಯ ವರ್ಷದಲ್ಲಿ ಪ್ರಾಜೆಕ್ಟು ಮಾಡಬೇಕು. ಅದರಲ್ಲಿ ಪಾಸಾಗದಿದ್ದರೆ ಪದವಿ ಇಲ್ಲ. ನಮ್ಮ ಕ್ಲಾಸಿನ ಹೆಚ್ಚಿನವರು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಲೈಬ್ರರಿ ಪ್ರಾಜೆಕ್ಟು ತಂದು, ಮೇಲಿನ ಹೆಸರು ಬದಲಿಸಿ ಕೊಟ್ಟರು. ನಾನು ಆಟ ಮಾಡಲು ಹೊರಟೆ. ಇಬ್ಬರು ಬೇರೆ ಬೇರೆ ಮನೆಯಲ್ಲಿ ಕೂತು, ಮೊಬೈಲಿನಲ್ಲಿ, ಎದುರುಬದುರಾಗಿ ಹೊಡೆದಾಡುವ ಆಟ. ನಮ್ಮ ಗೈಡ್ ಮೇಡಂ ಕನ್ನಡಕ ತೆಗೆದು ನೋಡಿದರು.

"ಯಾಕಪ್ಪ ಇಲ್ಲದ ತಾಪತ್ರಯ? ಹೊಡೆದಾಟದ ಆಟದಲ್ಲಿ ಒಬ್ಬ ಕ್ಯಾರೆಕ್ಟರ್‌ಗೆ ಬಲ ಜಾಸ್ತಿ ಆದ್ರೆ ಮುಗೀತು, ಎಲ್ಲರೂ ಅವನನ್ನೇ ತಗೋತಾರೆ. ಬ್ಯಾಲೆನ್ಸ್ ಮಾಡೋದು ಸುಲಭ ಅಲ್ಲ."

"ಮಾಡ್ತೀನಿ ಮೇಡಂ."

ಧೈರ್ಯ ಬಂದದ್ದು ಅಣ್ಣನಿಂದ. ಇಂಥ ಆಟಗಳಲ್ಲಿ ಅವನನ್ನು ಸೋಲಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಅವನೂ ಅವನ ಗೆಳೆಯರೂ ಮೊಬೈಲು ಹಿಡಿದು ಕೂರುವರು. ನಾನು ಮಾಡಿದ ಮೂವರು ಹೊಡೆದಾಟಗಾರರಿಗೆ ಅವರೇ ಹೆಸರಿಟ್ಟರು. ನಿಧಾನಕ್ಕೆ ಬಂದು ಎತ್ತಿ ಒಗೆಯುವವನು ಪೈಲ್ವಾನ. ದೂರದಿಂದ ಕೋಲು ಬೀಸುವವಳು ಕೋಲಜ್ಜಿ. ಚುರುಕಾಗಿ ಓಡಾಡಿ ಅಡ್ಡಗಾಲು ಕೊಡುವವನು ಬಡಕಲ. ಪೈಲ್ವಾನ ಹೆಚ್ಚು ಗೆದ್ದರೆ ನಾನು ಅವನ ಹೊಡೆತ ತಗ್ಗಿಸುತ್ತಿದ್ದೆ. ಕೋಲಜ್ಜಿ ಸೋಲುತ್ತಲೇ ಇದ್ದರೆ ಕೋಲು ಉದ್ದ ಮಾಡುತ್ತಿದ್ದೆ.

"ಲೋ, ಅಜ್ಜಿ ಕೋಲು ಚಂದ್ರಾ ಲೇಔಟ್‌ವರೆಗೂ ಬರ್ತಾ ಇದೆ ಕಣೋ, ಸ್ವಲ್ಪ ಕಟ್ ಮಾಡೋ!"

"ನಿಂಗೆ ಆಡೋಕ್ ಬರಲ್ಲ, ಅಜ್ಜಿನ್ಯಾಕೆ ಬೈತೀಯ ಮಗಾ?"

ಮೊದಲನೆಯ ಭಾನುವಾರವೇ ಗೆಳೆಯನೊಬ್ಬ ಬಡಕಲನನ್ನು ತೆಗೆದುಕೊಂಡು ಎದುರಾಳಿಗೆ ಅಡ್ಡಗಾಲು ಕೊಟ್ಟು ಬೀಳಿಸಿದ. ಬಿದ್ದವನು ಏಳುವಷ್ಟರಲ್ಲಿ ಇನ್ನೊಂದು ಕೊಟ್ಟ. ಮತ್ತೆ ಬಿದ್ದ. ಅಣ್ಣ ಅವನ ಮೊಬೈಲು ಕಿತ್ತುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ.

"ಬಿದ್ದೋನಿಗೆ ಹೊಡೆಯಂಗಿಲ್ಲ. ಇಲ್ಲಿ ಆಡೋದಾದ್ರೆ ಇದೇ ರೂಲು."

ಎಲ್ಲರೂ ಒಪ್ಪಿದರು. ನಮ್ಮಲ್ಲಿ ಆಟ ಇರುವುದೇ ಹಾಗೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಆಂಟಿ ಮನೆಯ ಕಾಂಪೌಂಡಿಗೆ ಚೆಂಡು ಬಿದ್ದರೆ ಔಟು. ಪುಸ್ತಕದಲ್ಲಿ ಆ ನಿಯಮ ಇಲ್ಲ ಎಂದು ಯಾರೂ ತಕರಾರು ಮಾಡುವುದಿಲ್ಲ. ಎದುರು ಕೂತವನ ಮುಖ ಕಾಣುತ್ತಿರುತ್ತದೆ, ಸಂಜೆ ಅವನ ಜೊತೆಗೇ ಟೀ ಕುಡಿಯಬೇಕು. ಆಮೇಲೆ ಆ ವರ್ಷವಿಡೀ ಆ ಮಹಡಿಯ ಮೇಲೆ ಬಿದ್ದವನಿಗೆ ಯಾರೂ ಹೊಡೆಯಲಿಲ್ಲ. ಮೂವರೂ ಹೆಚ್ಚು ಕಡಿಮೆ ಸಮವಾಗಿ ಗೆಲ್ಲತೊಡಗಿದರು. ಆಟ ಸರಿಹೋಯಿತು ಎಂದು ನಾನೂ ಅಣ್ಣನೂ ಕೈ ಕುಲುಕಿಕೊಂಡೆವು.

ವೈವಾ ದಿನ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ನಾನು ಓದಿಕೊಂಡು ಹೋದದ್ದೆಲ್ಲ ನೆಟ್‌ವರ್ಕಿನ ವಿಷಯ: ಒಬ್ಬನ ಹೊಡೆತ ಇನ್ನೊಬ್ಬನ ಮೊಬೈಲಿಗೆ ತಡವಾಗಿ ಮುಟ್ಟಿದರೆ ಏನಾಗುತ್ತದೆ, ಅದನ್ನು ಹೇಗೆ ಸರಿದೂಗಿಸಿದ್ದೇನೆ. ಅವರು ಅದನ್ನು ಕೇಳಲೇ ಇಲ್ಲ. "ಕೊಡಪ್ಪ ಇಲ್ಲಿ, ಆಡೋಣ" ಎಂದು ಒಂದು ಮೊಬೈಲು ತೆಗೆದುಕೊಂಡರು. ಪಕ್ಕದ ಲ್ಯಾಬಿನಲ್ಲಿ ಇನ್ನೊಂದು ಮೊಬೈಲು ನನ್ನ ಸಹಪಾಠಿಯ ಕೈಯಲ್ಲಿತ್ತು. ಪರೀಕ್ಷಕರಿಗೆ ಸಿಕ್ಕಿದವನು ಬಡಕಲ. ಸಿಕ್ಕಿದ ಗುಂಡಿ ಒತ್ತಿದರು. ಅದು ಅಡ್ಡಗಾಲಿನ ಗುಂಡಿ. ಎದುರಾಳಿ ಬಿದ್ದ. ಮತ್ತೆ ಅದನ್ನೇ ಒತ್ತಿದರು. ಒತ್ತುತ್ತಲೇ ಇದ್ದರು. ಪಕ್ಕದ ಲ್ಯಾಬಿನಿಂದ ನನ್ನ ಸಹಪಾಠಿ ಕೂಗಿದ: "ಏಳೋಕೇ ಬಿಡ್ತಾ ಇಲ್ಲ ಸಾರ್!"

"ಇದೊಂದೇ ಒತ್ತಿದ್ರೆ ಗೆಲ್ತೀನಲ್ಲಪ್ಪ. ಮತ್ತೆ ಉಳಿದಿದ್ದೆಲ್ಲ ಯಾಕೆ ಮಾಡಿದೀಯ?"

"ಸಾರ್, ಹಾಗೆ ಆಡಬಾರದು ಸಾರ್."

"ಆಡಬಾರದು ಅಂತ ಎಲ್ಲಿದೆ?"

ಎಲ್ಲೂ ಇರಲಿಲ್ಲ. ನಮ್ಮ ಮಹಡಿಯ ಮೇಲಿತ್ತು, ಆಟದೊಳಗೆ ಇರಲಿಲ್ಲ. ಮುಖ ಕಾಣದವರು ಆಡಲಿ ಎಂದೇ ಮಾಡಿದ ಆಟಕ್ಕೆ ಮುಖ ನೋಡಿಕೊಂಡು ಆಡುವವರ ಮರ್ಯಾದೆಯನ್ನು ನಂಬಿದ್ದೆವು. ಪರೀಕ್ಷಕರು ಕೆಟ್ಟವರಲ್ಲ. "ಸರಿ ಮಾಡ್ಕೊಂಡು ಮುಂದಿನ ಸಲ ಬಾ" ಎಂದರು. ಫಲಿತಾಂಶದಲ್ಲಿ ಬೇರೆಲ್ಲ ವಿಷಯ ಪಾಸು, ಪ್ರಾಜೆಕ್ಟು ಫೇಲು. ದೊಡ್ಡಪ್ಪ ಗೇಟಿನ ಹತ್ತಿರ ಸಿಕ್ಕಾಗ "ಆಟ ಆಡಿ ಫೇಲಾದೋರನ್ನ ನೋಡಿದೀನಪ್ಪ, ಆಟ ಮಾಡಿ ಫೇಲಾದೋನು ನೀನೇ ಮೊದಲು" ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ಅಣ್ಣನ ಕೈ ಹೋದದ್ದು ಆ ತಿಂಗಳಲ್ಲೇ.

ಪ್ರೆಸ್ ಮೆಷಿನ್ನಿಗೆ ಎರಡು ಗುಂಡಿ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಕೈ ಅಡಿಗೆ ಸಿಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ಶೆಡ್ಡಿನಲ್ಲಿ ಒಂದು ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಕಡ್ಡಿ ಸಿಕ್ಕಿಸಿ ಬಿಟ್ಟಿದ್ದರು, ಎಲ್ಲ ಮೆಷಿನ್ನಿಗೂ. ಕೆಲಸ ಬೇಗ ಸಾಗುತ್ತದೆ ಎಂದು ಮಾಲೀಕ ನೋಡಿಯೂ ನೋಡದಂತಿದ್ದ. ಅಣ್ಣನ ಬಲಗೈಯಲ್ಲಿ ಹೆಬ್ಬೆರಳೂ ಕಿರುಬೆರಳೂ ಮಾತ್ರ ಉಳಿದವು. ಆಸ್ಪತ್ರೆಗೆ ಬಂದ ಮಾಲೀಕ ಅಮ್ಮನಿಗೆ ಎಳನೀರು ಕೊಟ್ಟು "ಅವನೇ ಕಡ್ಡಿ ಸಿಕ್ಕಿಸಿದ್ದು ಕಣಮ್ಮ" ಎಂದ. ಅಮ್ಮ ಎಳನೀರನ್ನು ಕೆಳಗಿಟ್ಟಳು, ಕುಡಿಯಲಿಲ್ಲ.

ಮನೆಗೆ ಬಂದಮೇಲೆ ಅಣ್ಣ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗೆಳೆಯರು ಒಂದೆರಡು ಸಲ ಹಣ್ಣು ಹಿಡಿದು ಬಂದರು. ಆ ಕೈಯನ್ನು ನೋಡದೆ ಇರಲು ಕಷ್ಟಪಟ್ಟು, ಆಮೇಲೆ ಬರುವುದನ್ನೇ ಬಿಟ್ಟರು. ನನ್ನ ಆಟವನ್ನು ಮಾತ್ರ ಅವರವರ ಮನೆಯಿಂದಲೇ ಆಡುತ್ತಿದ್ದರು. ಒಂದು ದಿನ ನಾನು ಬರುವಾಗ ಅಣ್ಣ ಎದ್ದು ಕೂತಿದ್ದ. ಮೊಬೈಲನ್ನು ದಿಂಬಿಗೆ ಒರಗಿಸಿ, ಎಡಗೈಯ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದ. ಒಂದೇ ಕೈಯಲ್ಲಿ ಓಡಿಸುವುದೂ ಹೊಡೆಯುವುದೂ ಆಗುವುದಿಲ್ಲ. ಆದ್ದರಿಂದ ಬಡಕಲನನ್ನು ನಿಂತಲ್ಲೇ ನಿಲ್ಲಿಸಿ, ಎದುರಾಳಿ ಹತ್ತಿರ ಬಂದ ಕೂಡಲೇ ಅಡ್ಡಗಾಲು. ಬಿದ್ದರೆ ಮತ್ತೆ ಅಡ್ಡಗಾಲು. ಮೊಬೈಲಿನಿಂದ ಗೆಳೆಯನ ಕೂಗು ಕೇಳಿಸುತ್ತಿತ್ತು.

"ಲೋ ಗುರು! ಬಿದ್ದೋನಿಗೆ ಹೊಡೆಯಂಗಿಲ್ಲ ಅಂತ ರೂಲ್ ಮಾಡಿದ್ದೇ ನೀನು!"

"ಆ ರೂಲು ಮಹಡಿ ಮೇಲೆ ಮಗಾ. ನಾನೀಗ ಮಂಚದ ಮೇಲಿದೀನಿ."

ಅಣ್ಣ ನಕ್ಕದ್ದನ್ನು ಕೇಳಿ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ಆಮೇಲಿನ ವಾರಗಳಲ್ಲಿ ಅವನು ಗೆಲ್ಲುತ್ತಲೇ ಹೋದ. ಊಟ ಮಾಡಿದ, ಗಡ್ಡ ಬೋಳಿಸಿಕೊಂಡ. ಅಪರಿಚಿತರೂ ಆಡಲು ಸಿಗುತ್ತಿದ್ದರು, ಅವರನ್ನೂ ಕೆಡವಿದ.

ಮರುಪರೀಕ್ಷೆ ಹತ್ತಿರ ಬಂದಿತ್ತು. ಏನು ಸರಿ ಮಾಡಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಡ್ಡಗಾಲಿನ ಆ ಗುಂಡಿ ಹಾಗೇ ಉಳಿದರೆ ನನಗೆ ಪದವಿ ಇಲ್ಲ, ಆ ಗುಂಡಿ ಹೋದರೆ ಅಣ್ಣನಿಗೆ ಗೆಲುವಿಲ್ಲ. ಬೇರೆ ದಾರಿ ಹುಡುಕಿದೆ. ಬಡಕಲನ ಓಟ ತಗ್ಗಿಸಿ ನೋಡಿದೆ. ನಿಂತಲ್ಲೇ ನಿಲ್ಲುವವನಿಗೆ ಓಟ ಯಾಕೆ? ಅಡ್ಡಗಾಲಿನ ಪೆಟ್ಟು ತಗ್ಗಿಸಿದೆ. ಆಗಲೂ ಎದುರಾಳಿ ಏಳಲಿಲ್ಲ, ಸೋಲು ನಿಧಾನವಾಯಿತು ಅಷ್ಟೆ. ಕೊನೆಗೆ ಬಿದ್ದವನು ಪೂರ್ತಿ ಎದ್ದು ನಿಲ್ಲುವವರೆಗೆ ಯಾವ ಹೊಡೆತವೂ ತಾಗದಂತೆ ಬರೆದೆ. ತಿದ್ದಿದ ಆಟವನ್ನು ಎಲ್ಲರ ಮೊಬೈಲಿಗೂ ಕಳಿಸುವ ಮೊದಲು ಅಣ್ಣನ ಮಂಚದ ಹತ್ತಿರ ಕೂತೆ.

"ಅಣ್ಣಾ, ಅಡ್ಡಗಾಲು ಸರಿ ಮಾಡ್ತಾ ಇದೀನಿ."

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಮಾಡ್ಲೇಬೇಕಾ?"

"ಮಾಡ್ಲೇಬೇಕು. ನಿನ್ನ ಮೊಬೈಲಲ್ಲಿ ಹಳೇದೇ ಇರೋ ಹಾಗೆ ಬೇಕಾದ್ರೆ ಮಾಡಿಕೊಡ್ತೀನಿ."

"ಯಾರ ಜೊತೆ ಆಡ್ಲಿ? ಎಲ್ಲರೂ ಹೊಸದಕ್ಕೆ ಹೋದ್ಮೇಲೆ?" ಮೊಬೈಲನ್ನು ಮಗುಚಿ ಇಟ್ಟು ಹೇಳಿದ: "ಕಳಿಸು. ಡಿಗ್ರಿ ಮುಗಿಸು ಮೊದ್ಲು."

ಕಳಿಸಿದೆ. ಅವತ್ತೇ ಸೋತ. ಮಾರನೆಯ ದಿನವೂ ಸೋತ. ಸೋಲಿಗೆ ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಬೈಯುತ್ತ ಮತ್ತೆ ಮತ್ತೆ ಆಡಿದ. ಎಡಗೈಯಲ್ಲೇ ಪೈಲ್ವಾನನನ್ನು ಕಲಿಯಲು ನೋಡಿದ. ವಾರ ಕಳೆದಮೇಲೆ ಇದ್ದಕ್ಕಿದ್ದಂತೆ ಗೆಲ್ಲತೊಡಗಿದ. ನಾನು ಖುಷಿಪಟ್ಟು ಪಕ್ಕದಲ್ಲಿ ಕೂತು ನೋಡಿದೆ. ಅವನು ಪೈಲ್ವಾನನನ್ನು ಹೆಜ್ಜೆ ಹೆಜ್ಜೆಯಾಗಿ ಎದುರಾಳಿಯ ಹತ್ತಿರ ತಂದ. ಗೆಳೆಯನ ಕೋಲಜ್ಜಿ ಕೋಲು ಎತ್ತಲಿಲ್ಲ, ಕಾದು ನಿಂತಿದ್ದಳು.

"ಬಿಟ್ಟುಕೊಡ್ತಾ ಇದಾರೆ ಕಣೋ" ಎಂದ ಅಣ್ಣ.

ಆಟವನ್ನು ಮೊಬೈಲಿನಿಂದ ತೆಗೆದುಹಾಕಿದ. ಮತ್ತೆ ಗೋಡೆಗೆ ಮುಖ ಮಾಡಿದ. ಗೆಳೆಯರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವರು ಮಾಡಿದ್ದಾದರೂ ಏನು? ಅವನ ಮುಖ ಅವರ ಕಣ್ಣೆದುರು ಇತ್ತು, ಮನೆ ಬೇರೆಯಾದರೂ.

ಎರಡನೆಯ ಸಲ ಬಂದವರೂ ಅದೇ ಪರೀಕ್ಷಕರು. ಬಂದವರೇ ಬಡಕಲನನ್ನು ಹುಡುಕಿ ಅಡ್ಡಗಾಲು ಒತ್ತಿದರು. ಎದುರಾಳಿ ಎದ್ದ, ಎತ್ತಿ ಒಗೆದ. ಪರೀಕ್ಷಕರು ಸೋತರು, ಕೋಲಜ್ಜಿಯನ್ನು ತೆಗೆದುಕೊಂಡು ಗೆದ್ದರು, ಇನ್ನೊಮ್ಮೆ ಸೋತು ಕುರ್ಚಿ ಎಳೆದುಕೊಂಡು ಕೂತರು. "ಈಗ ಆಟ ಅನ್ನಿಸ್ತಾ ಇದೆ. ಯಾರು ಟೆಸ್ಟ್ ಮಾಡಿದ್ದು?"

"ನಮ್ಮಣ್ಣ ಸಾರ್."

"ಅವರಿಗೂ ಹೇಳಿ, ಚೆನ್ನಾಗಿದೆ ಅಂತ."

ನಾನು ಹೇಳಲಿಲ್ಲ.

ಪ್ರಮಾಣಪತ್ರ ಕೊಡುವ ದಿನ ಅಮ್ಮನನ್ನೂ ಅಣ್ಣನನ್ನೂ ಕರೆದೆ. ಅಮ್ಮನಿಗೆ ಗಾರ್ಮೆಂಟ್ಸ್ ಕೆಲಸದಲ್ಲಿ ರಜೆ ಸಿಗಲಿಲ್ಲ. ಅಣ್ಣ "ಜನ ಇರ್ತಾರೆ, ಬೇಡ" ಎಂದ. ಒಬ್ಬನೇ ಹೋದೆ. ವೇದಿಕೆಯ ಮೇಲೆ ನನ್ನ ಹೆಸರು ಕೂಗಿದಾಗ ಎದೆ ಸೆಟೆಸಿಕೊಂಡೇ ನಡೆದೆ. ಅದನ್ನು ಮುಚ್ಚಿಡಬೇಕಾದ್ದೇನಿಲ್ಲ. ನಮ್ಮ ವಂಶದಲ್ಲಿ ಆ ಕಾಗದ ಮುಟ್ಟಿದವನು ನಾನೇ ಮೊದಲು, ಪುಕ್ಕಟೆ ಸಿಕ್ಕಿದ್ದಲ್ಲ. ವಿಜಯನಗರದಲ್ಲಿ ಮೆಟ್ರೋ ಇಳಿದು, ಬಸ್ಸಿನ ನೂಕುನುಗ್ಗಲಿಗೆ ಅದು ಸಿಗದಿರಲಿ ಎಂದು ಮನೆಯವರೆಗೂ ನಡೆದೇ ಬಂದೆ.

ಅಣ್ಣ ಮಂಚದ ಮೇಲೆ ಕೂತಿದ್ದ. ಪ್ರಮಾಣಪತ್ರವನ್ನು ಅವನ ಮುಂದೆ ಹಿಡಿದೆ. ಅವನು ಎಡಗೈಯನ್ನು ಲುಂಗಿಗೆ ಒರೆಸಿಕೊಂಡ. ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು ಎಂದು ಬಲಗೈಯನ್ನೂ ಮುಂದೆ ತಂದ. ಆ ಬದಿಯ ಅಂಚು ಹಿಡಿತಕ್ಕೆ ಸಿಗದೆ ಜಾರಿ ಬಾಗಿತು. ಇನ್ನೊಮ್ಮೆ ಹಿಡಿದು ನೋಡಿದ. ಆಮೇಲೆ ಮಡಿಕೆ ಬೀಳುವ ಮೊದಲೇ ಅದನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, ಕಾಲು ಮಡಚಿ ನೆಟ್ಟಗೆ ಕೂತ.

"ನೀನೇ ಹಿಡ್ಕೋ" ಎಂದ. "ನಾನು ಓದ್ತೀನಿ."